ಪ್ರೆಶರ್ ವಾಷರ್ 14 ತಿಂಗಳಿಗೇ ಸೋತಿದೆ, ಬಾಳಿಕೆ ಬರಬೇಕಾದರೆ ಏನು ಮಾಡಬೇಕು?

ತೆಂಗಿನತೋಟ_ತಿಪಟೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮನೆಯಲ್ಲಿ ಐದು ಹಸು, ಒಂದು ಟ್ರ್ಯಾಕ್ಟರು, ಒಂದು ಹಳೇ ಕಾರು ಇವೆ. ಅಪ್ಪನಿಗೆ ಬಗ್ಗಿ ಕೊಟ್ಟಿಗೆ ತಿಕ್ಕಿ ತೊಳೆಯಲು ಆಗುತ್ತಿರಲಿಲ್ಲ, ಬೆನ್ನುನೋವು. ಅದಕ್ಕೇ ಹೋದ ವರ್ಷ ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸುವ ಮನೆ ಬಳಕೆಯ ಪ್ರೆಶರ್ ವಾಷರ್ ತಂದೆ. 1800 ವ್ಯಾಟ್, ಡಬ್ಬದ ಮೇಲೆ 130 ಬಾರ್ ಒತ್ತಡ ಅಂತ ಬರೆದಿದೆ. ಮೊದಲ ಎಂಟು ತಿಂಗಳು ತುಂಬಾ ಚೆನ್ನಾಗಿತ್ತು, ನಿಂತುಕೊಂಡೇ ಅರ್ಧ ಗಂಟೆಯಲ್ಲಿ ಕೊಟ್ಟಿಗೆ ಫಳಫಳ ಅನ್ನುತ್ತಿತ್ತು.

ಈಗ ಎರಡು ತೊಂದರೆ. ಒಂದು, ನೀರು ಒಂದೇ ಸಮ ಬರುವುದಿಲ್ಲ, ಒಂದು ಕ್ಷಣ ಜೋರು, ಮರುಕ್ಷಣ ಮೆತ್ತಗೆ, ಗನ್ ಕೈಯಲ್ಲಿ ಕುಟ್ಟಿದ ಹಾಗೆ ಆಗುತ್ತದೆ. ಇನ್ನೊಂದು, ಟ್ರಿಗರ್ ಬಿಟ್ಟ ಮೇಲೆ ಮೋಟಾರು ನಿಲ್ಲಬೇಕಲ್ವಾ, ನಿಲ್ಲುತ್ತದೆ, ಆದರೆ ಹತ್ತು ಸೆಕೆಂಡಿಗೊಮ್ಮೆ ತಾನಾಗಿಯೇ ಗುರ್ ಅಂದು ಮತ್ತೆ ನಿಲ್ಲುತ್ತದೆ. ಯಾರೂ ಮುಟ್ಟಿರುವುದಿಲ್ಲ.

ವಾರಂಟಿ ಮುಗಿದಿದೆ. ಪೇಟೆಯಲ್ಲಿ ರಿಪೇರಿಯವರಿಗೆ ತೋರಿಸಿದರೆ ಬಿಚ್ಚಿ ನೋಡದೇನೇ ಪಂಪ್ ಹೋಗಿದೆ, ಅದನ್ನು ಹಾಕಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಳ್ಳಿ ಅಂದುಬಿಟ್ಟರು. ಹಾಲಿನ ದುಡ್ಡಲ್ಲಿ ತಂದ ಮೆಷಿನ್ ಇದು, ಅಷ್ಟು ಬೇಗ ಬಿಸಾಡಲು ಮನಸ್ಸಿಲ್ಲ.

ನಮ್ಮದು ಬೋರ್‌ವೆಲ್ ನೀರು, ಪಾತ್ರೆ ಒಣಗಿದರೆ ಬಿಳೀ ಕಲೆ ಕೂರುತ್ತದೆ, ಸೋಲಾರ್ ಪೈಪು ಎರಡು ಸಲ ಕಟ್ಟಿಕೊಂಡಿದೆ. ತಾರಸಿ ಮೇಲಿನ ಸಿಂಟೆಕ್ಸ್‌ನಿಂದ ಪೈಪು ಎಳೆದು ನಲ್ಲಿಗೆ ಹಾಕುತ್ತೇವೆ. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಪೈಪು ಸುತ್ತಿ, ಕೊಟ್ಟಿಗೆ ಗೋಡೆಗೆ ನೇತು ಹಾಕುತ್ತೇವೆ. ಬೇರೇನೂ ಮಾಡುವುದಿಲ್ಲ. ಇದನ್ನು ಸರಿ ಮಾಡಬಹುದಾ? ಮುಂದೆ ಹೇಗೆ ನೋಡಿಕೊಳ್ಳಬೇಕು? ತಿಳಿದವರು ಹೇಳಿ.

ಕಬ್ಬಿನಗದ್ದೆ_ಮಂಡ್ಯ:

ಮೊದಲು ಫಿಲ್ಟರ್ ನೋಡಿ ಬ್ರದರ್. ನೀರು ಒಳಗೆ ಹೋಗುವ ಬಾಯಲ್ಲಿ, ಪೈಪು ಸಿಕ್ಕಿಸುತ್ತೀರಲ್ಲ, ಅದರೊಳಗೆ ಬೆರಳ ತುದಿಯಷ್ಟು ಜಾಲರಿ ಇರುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ನನ್ನದೂ ಹೀಗೇ ಕುಟ್ಟುತ್ತಿತ್ತು. ತೆಗೆದು ನೋಡಿದರೆ ಪಾಚಿ, ಟ್ಯಾಂಕಿನ ಕೆಸರು ಎಲ್ಲ ಸೇರಿ ಮುಚ್ಚಿಹೋಗಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ಹಾಕಿದೆ, ಸರಿಹೋಯಿತು. ಫಿಲ್ಟರ್ ತೆಗೆದು ಹಾಗೇ ಓಡಿಸಬೇಡಿ, ಒಂದು ಕಾಳು ಮರಳು ಒಳಗೆ ಹೋದರೆ ಮುಗಿಯಿತು.

ವಾಟರ್‌ಸರ್ವಿಸ್_ಹಾಸನ:

ನಾನು 11 ವರ್ಷದಿಂದ ವಾಟರ್ ಸರ್ವಿಸ್ ನಡೆಸುತ್ತಿದ್ದೇನೆ, ಬೈಕಿನಿಂದ ಹಿಡಿದು ಲಾರಿಯವರೆಗೆ ತೊಳೆಯುತ್ತೇವೆ. ಮನೆ ಮೆಷಿನ್‌ಗಳನ್ನೂ ಜನ ತಂದು ಕೊಡುತ್ತಾರೆ, ಸುಮಾರು ಬಿಚ್ಚಿದ್ದೇನೆ. ನೀವು ಬರೆದದ್ದು ಓದಿದರೆ ಪಂಪ್ ಸತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಮನೆ ಮೆಷಿನ್ ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಮೋಟಾರಿನ ತುದಿಯಲ್ಲಿ ಓರೆಯಾಗಿ ಕೂರಿಸಿದ ಒಂದು ತಟ್ಟೆ ತಿರುಗುತ್ತದೆ. ಅದು ಮೂರು ಪಿಸ್ಟನ್‌ಗಳನ್ನು ಒಂದಾದ ಮೇಲೊಂದು ಒತ್ತುತ್ತಾ ಹೋಗುತ್ತದೆ. ಪ್ರತಿ ಪಿಸ್ಟನ್‌ಗೂ ನೀರು ಒಳಗೆ ಬರಲು ಒಂದು ವಾಲ್ವ್, ಹೊರಗೆ ಹೋಗಲು ಒಂದು, ಒಟ್ಟು ಆರು. ಕಡಲೆಕಾಯಿಗಿಂತ ದೊಡ್ಡದಿರುವುದಿಲ್ಲ ಅವು, ಒಳಗೊಂದು ಪುಟ್ಟ ಸ್ಪ್ರಿಂಗು. ಆ ಆರರಲ್ಲಿ ಒಂದಕ್ಕೆ ಸುಣ್ಣವೋ ಮರಳೋ ಸಿಕ್ಕಿ ಅದು ಪೂರ್ತಿ ಮುಚ್ಚದಿದ್ದರೆ, ಮೂರು ಪಿಸ್ಟನ್‌ನಲ್ಲಿ ಎರಡು ಮಾತ್ರ ಕೆಲಸ ಮಾಡುತ್ತವೆ. ನಿಮ್ಮ ಗನ್ ಕುಟ್ಟುವುದು ಇದರಿಂದ ಇರಬಹುದು. ನೀರು ಸಾಲದೆಯೂ ಇರಬಹುದು, ಪೈಪಿನಲ್ಲಿ ಗಾಳಿ ಎಳೆದರೂ ಹೀಗೇ ಆಗುತ್ತದೆ. ಯಾವುದು ಅಂತ ಒಂದೊಂದಾಗಿ ನೋಡಬೇಕು.

ಮೊದಲು ನೀರು. ಮೆಷಿನ್ ಮೇಲೆ ಚೀಟಿ ಇರುತ್ತದೆ, ಗಂಟೆಗೆ ಎಷ್ಟು ಲೀಟರ್ ಅಂತ ಬರೆದಿರುತ್ತಾರೆ. ಅದನ್ನು 60ರಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಬೇಕು ಅಂತ ಸಿಗುತ್ತದೆ. ಆಮೇಲೆ ಮೆಷಿನ್‌ಗೆ ಸಿಕ್ಕಿಸುವ ಪೈಪಿನ ತುದಿಯನ್ನು 20 ಲೀಟರ್ ಬಕೆಟ್‌ಗೆ ಬಿಟ್ಟು, ಮೊಬೈಲಲ್ಲಿ ಟೈಮ್ ನೋಡಿ. ಎರಡು ನಿಮಿಷದೊಳಗೆ ತುಂಬಬೇಕು. ನಲ್ಲಿ ಬುಡದಲ್ಲಿ ಹಿಡಿದು ಅಳೆದರೆ ಪ್ರಯೋಜನವಿಲ್ಲ, ಪೈಪಿನ ತುದಿಯಲ್ಲೇ ಅಳೆಯಿರಿ. ತಾರಸಿ ಟ್ಯಾಂಕಿನಲ್ಲಿ ಒತ್ತಡ ಎಷ್ಟಿರುತ್ತದೆ ಹೇಳಿ, 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ನಿಮ್ಮದು ಒಂದಂತಸ್ತಿನ ಮನೆಯಾದರೆ 0.3 ಬಾರ್ ಇದ್ದರೆ ಹೆಚ್ಚು. ಅದಕ್ಕೆ ಉದ್ದನೆಯ ಸಣ್ಣ ಪೈಪು ಹಾಕಿದರೆ ತುದಿಗೆ ಬರುವ ಹೊತ್ತಿಗೆ ಏನೂ ಉಳಿಯುವುದಿಲ್ಲ. ನೀರು ಸಾಲದಿದ್ದರೆ ಪಂಪ್ ಒಳಗೆ ಗುಳ್ಳೆ ಏಳುತ್ತವೆ, ಆ ಗುಳ್ಳೆ ಒಡೆಯುವಾಗ ಲೋಹವನ್ನೇ ಸಣ್ಣದಾಗಿ ಕೊರೆಯುತ್ತವೆ. ಜನ ಮೆಷಿನ್ ಸರಿಯಿಲ್ಲ ಅನ್ನುತ್ತಾರೆ, ಬಿಚ್ಚಿದರೆ ನನಗೆ ಗೊತ್ತಾಗುತ್ತದೆ ಇದು ಬಾಯಾರಿ ಓಡಿದ ಪಂಪ್ ಅಂತ.

ಎರಡನೆಯದು ಆ ತಾನಾಗಿಯೇ ಸ್ಟಾರ್ಟ್ ಆಗುವುದು. ಟ್ರಿಗರ್ ಬಿಟ್ಟಾಗ ಪೈಪಿನಲ್ಲಿ ಒತ್ತಡ ನಿಂತಿರುತ್ತದೆ, ಆ ಒತ್ತಡವೇ ಒಳಗಿನ ಸ್ವಿಚ್ ತಳ್ಳಿ ಮೋಟಾರು ನಿಲ್ಲಿಸಿರುತ್ತದೆ. ಎಲ್ಲೋ ಹನಿ ಸೋರಿದರೆ ಒತ್ತಡ ಇಳಿಯುತ್ತದೆ, ಮೋಟಾರು ಎದ್ದು ತುಂಬಿಸುತ್ತದೆ. ಎಲ್ಲಿ ಸೋರುತ್ತಿದೆ ನೋಡಿ: ಗನ್ನಿನ ಬಾಯಿ, ಗನ್ನಿಗೆ ಪೈಪು ಸೇರುವ ಜಾಗ, ಮೆಷಿನ್‌ಗೆ ಪೈಪು ಸೇರುವ ಜಾಗ. ಹೆಚ್ಚಾಗಿ ಅಲ್ಲಿನ ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಹರಿದಿರುತ್ತದೆ. ಹೊರಗೆ ಎಲ್ಲೂ ಹನಿ ಕಾಣದಿದ್ದರೆ ಒಳಗೆ ನೀರು ಹೊರಹೋಗುವ ಬಾಯಿನ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ, ಅದಕ್ಕೂ ಸುಣ್ಣವೇ ಕಾರಣವಿರಬಹುದು. ಹೀಗೆ ಎದ್ದು ಎದ್ದು ನಿಲ್ಲುವಾಗ ಸ್ವಿಚ್ ಸುಡುತ್ತದೆ, ಅದಕ್ಕೆ ಕೆಲಸದ ಮಧ್ಯೆ ಹಸು ಕಟ್ಟಲು ಹೋದರೂ ಮೆಷಿನ್ ಸ್ವಿಚ್ ಆಫ್ ಮಾಡಿಯೇ ಹೋಗಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಸ್ವಿಚ್ ಆಫ್ ಮಾಡಿ ಪೈಪು ಸುತ್ತಿ ನೇತು ಹಾಕುತ್ತೇವೆ ಅಂದಿರಲ್ಲ, ಮೆಷಿನ್ ಹಾಳಾಗುವುದು ಅಲ್ಲೇ. ತೊಳೆಯುವ ಅರ್ಧ ಗಂಟೆಯಲ್ಲಿ ಅದು ಸವೆಯುವುದಕ್ಕಿಂತ ಆಮೇಲಿನ ಇಪ್ಪತ್ಮೂರೂವರೆ ಗಂಟೆಯಲ್ಲಿ ಜಾಸ್ತಿ ಹಾಳಾಗುತ್ತದೆ. ಒತ್ತಡ ಒಳಗೇ ಇದ್ದರೆ ಸೀಲು, ಓ-ರಿಂಗು, ಪೈಪು ಎಲ್ಲ ರಾತ್ರಿಯಿಡೀ ಬಿಗಿದುಕೊಂಡೇ ಇರುತ್ತವೆ. ಸ್ವಿಚ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಆಮೇಲೆ ಟ್ರಿಗರ್ ಒತ್ತಿ ಹಿಡಿಯಿರಿ, ನೀರು ಪೂರ್ತಿ ಬಿದ್ದು ಗನ್ ಮೆತ್ತಗಾಗುವವರೆಗೆ. ನಂತರ ನೀರಿನ ಪೈಪು ಕಳಚಿ, ಸ್ವಿಚ್ ಹಾಕಿ ಎರಡು ಮೂರು ಸೆಕೆಂಡು ಮಾತ್ರ ಓಡಿಸಿ, ಒಳಗಿನ ನೀರು ಹೊರಗೆ ಬರುತ್ತದೆ. ಅದಕ್ಕಿಂತ ಜಾಸ್ತಿ ಬೇಡ. ಸೀಲುಗಳಿಗೆ ನೀರೇ ಎಣ್ಣೆ, ನೀರೇ ತಂಪು, ಒಣಗಿ ಓಡಿದರೆ ಒಂದು ನಿಮಿಷದಲ್ಲಿ ಸುಟ್ಟುಹೋಗುತ್ತವೆ.

ಶುರು ಮಾಡುವಾಗಲೂ ಹಾಗೇ. ನಲ್ಲಿ ತಿರುಗಿಸಿ, ಮೋಟಾರು ಹಾಕದೆ ಟ್ರಿಗರ್ ಒತ್ತಿ, ಗಾಳಿ ಬುಸ್ ಅಂತ ಹೋಗಿ ನೀರು ಒಂದೇ ಸಮ ಬರುವವರೆಗೆ ಕಾದು, ಆಮೇಲೆ ಸ್ವಿಚ್ ಹಾಕಿ. ನಮ್ಮ ಹುಡುಗರಿಗೆ ಕೆಲಸಕ್ಕೆ ಸೇರಿದ ದಿನವೇ ಇದನ್ನು ಕಲಿಸುತ್ತೇನೆ.

ಆಯಿಲ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ನಮ್ಮ ದೊಡ್ಡ ಪಂಪ್‌ಗಳಿಗೆ ಆಯಿಲ್ ನೋಡುವ ಗಾಜು ಇರುತ್ತದೆ, ಹೊಸ ಪಂಪ್‌ನಲ್ಲಿ ಮೊದಲ 50 ಗಂಟೆಗೆ ಬದಲಿಸಿ ಆಮೇಲೆ ಕಂಪನಿ ಹೇಳಿದ ಲೆಕ್ಕಕ್ಕೆ ಬದಲಿಸುತ್ತೇನೆ, ಗಾಜಿನಲ್ಲಿ ಹಾಲಿನ ಬಣ್ಣ ಕಂಡರೆ ನೀರು ಸೇರಿದೆ, ಸೀಲ್ ಹೋಗಿದೆ ಅಂತ ಅದೇ ದಿನ ನಿಲ್ಲಿಸುತ್ತೇನೆ. ನಿಮ್ಮ ಮನೆ ಮೆಷಿನ್‌ಗೆ ಅದು ಬೇಡ, ಒಳಗೆ ಹಾಕಿ ಮುಚ್ಚಿರುತ್ತಾರೆ. ಕೆಳಗೆ ಎಣ್ಣೆ ಸೋರಿದರೆ ಮಾತ್ರ ಯೋಚಿಸಿ.

ತೆಂಗಿನತೋಟ_ತಿಪಟೂರು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಈಗಲೇ ಹೋಗಿ ಅಳೆದು ಬಂದೆ. ಮೆಷಿನ್ ಚೀಟಿಯಲ್ಲಿ ಗಂಟೆಗೆ 390 ಲೀಟರ್ ಅಂತಿದೆ, ಅಂದರೆ ನಿಮಿಷಕ್ಕೆ ಆರೂವರೆ. ನಮ್ಮ ಪೈಪಿನ ತುದಿಯಲ್ಲಿ 20 ಲೀಟರ್ ಬಕೆಟ್ ತುಂಬಲು 3 ನಿಮಿಷ 40 ಸೆಕೆಂಡ್ ಬೇಕಾಯಿತು! ನಿಮಿಷಕ್ಕೆ ಐದೂವರೆ ಲೀಟರೂ ಇಲ್ಲ. ಇಷ್ಟು ದಿನ ಅದು ಹಸಿದೇ ಓಡುತ್ತಿತ್ತು ಅಂತಾಯಿತು. ಮನೆಯಿಂದ ಕೊಟ್ಟಿಗೆಗೆ 30 ಮೀಟರ್ ಪೈಪು ಎಳೆದಿದ್ದೇವೆ, ಅದೂ ಗಿಡಕ್ಕೆ ನೀರು ಬಿಡುವ ಅರ್ಧ ಇಂಚಿನದು.

ಫಿಲ್ಟರ್ ಕೂಡ ತೆಗೆದೆ. ಪಾಚಿ ಅಷ್ಟೇನೂ ಇರಲಿಲ್ಲ, ಆದರೆ ಜಾಲರಿ ಮೇಲೆ ಸುಣ್ಣದ ಪದರ ಕಟ್ಟಿತ್ತು, ಉಗುರಲ್ಲಿ ಕೆರೆದರೂ ಬರಲಿಲ್ಲ. ಗನ್ನಿನ ಬುಡದಲ್ಲಿ ಸಣ್ಣಗೆ ಹನಿ ಬೀಳುತ್ತಿದೆ, ಈಗ ಗಮನಿಸಿದೆ. ಒಳಗೆ ಬಿಚ್ಚದೆ ಸುಣ್ಣ ಕರಗಿಸಲು ಏನಾದರೂ ದಾರಿ ಇದೆಯಾ?

ರವಿವಾರ_ಬೆಂಗಳೂರು:

ಬಾತ್‌ರೂಮ್ ತೊಳೆಯುವ ಆಸಿಡ್ ಸ್ವಲ್ಪ ನೀರಿಗೆ ಬೆರೆಸಿ ಮೆಷಿನ್‌ನಲ್ಲಿ ಎಳೆಸಿಬಿಡಿ, ಐದು ನಿಮಿಷದಲ್ಲಿ ಸುಣ್ಣ ಎಲ್ಲ ಕರಗಿ ಹೋಗುತ್ತದೆ. ಗೀಸರ್‌ಗೆ ಹಾಗೇ ಮಾಡುವುದನ್ನು ನೋಡಿದ್ದೇನೆ.

ವಾಟರ್‌ಸರ್ವಿಸ್_ಹಾಸನ:

ದಯವಿಟ್ಟು ಹಾಗೆ ಮಾಡಬೇಡಿ. ಮನೆ ಮೆಷಿನ್‌ಗಳಲ್ಲಿ ಪಂಪಿನ ತಲೆ ಹೆಚ್ಚಾಗಿ ಅಲ್ಯೂಮಿನಿಯಂ ಇರುತ್ತದೆ, ಆ ಆಸಿಡ್ ಸುಣ್ಣದ ಜೊತೆ ಅದನ್ನೂ ತಿನ್ನುತ್ತದೆ. ಗನ್ನಿನಿಂದ ಹೊಗೆಯ ಹಾಗೆ ಚಿಮ್ಮಿದರೆ ಕಣ್ಣು ಹೋಗುತ್ತದೆ, ಶ್ವಾಸಕ್ಕೂ ಕೆಟ್ಟದ್ದು. ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ, ಪೆಟ್ರೋಲು ಇವು ಯಾವುದನ್ನೂ ಪಂಪಿನೊಳಗೆ ಬಿಡಬಾರದು.

ಸುಣ್ಣಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಆದರೆ ಅದನ್ನೂ ಪಂಪಿನೊಳಗೆ ಎಳೆಸಬೇಡಿ, ಬಿಡಿಭಾಗ ತೆಗೆದು ನೆನೆಸಿ. ಫಿಲ್ಟರ್, ಗನ್ನಿನ ತುದಿಯ ನಾಝಲ್, ವಾಲ್ವ್ ಇಷ್ಟನ್ನು ಒಂದು ಲೋಟ ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ಬಿಡಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ಒಳ್ಳೆ ನೀರಲ್ಲಿ ತೊಳೆಯಿರಿ. ನಾಝಲ್ ತೂತಿಗೆ ಸಣ್ಣ ಪಿನ್ ಹಾಕಿ ಬಿಡಿಸಿ, ಹಿಂದುಮುಂದಾಗಿ ನೀರು ಬಿಡಿ. ತೂತು ದೊಡ್ಡದಾಗುವ ಹಾಗೆ ಮೊಳೆ ಗಿಳೆ ಹಾಕಬೇಡಿ, ತೂತು ಅಗಲವಾದರೆ ಒತ್ತಡ ಶಾಶ್ವತವಾಗಿ ಇಳಿಯುತ್ತದೆ.

ವಾಲ್ವ್ ತನಕ ಹೋಗಲು ಧೈರ್ಯ ಇದ್ದರೆ ಹೋಗಿ, ಅಷ್ಟು ಕಷ್ಟವಿಲ್ಲ. ಪ್ಲಗ್ ಕಿತ್ತಿಡಿ, ಟ್ರಿಗರ್ ಒತ್ತಿ ಒತ್ತಡ ಖಾಲಿ ಮಾಡಿ. ಪ್ರತಿ ಸ್ಕ್ರೂ ಬಿಚ್ಚುವಾಗ ಮೊಬೈಲಲ್ಲಿ ಫೋಟೋ ತೆಗೆಯಿರಿ. ವಾಲ್ವ್‌ಗಳನ್ನು ಬಂದ ಕ್ರಮದಲ್ಲೇ ಬಿಳಿ ಬಟ್ಟೆ ಮೇಲೆ ಇಡಿ, ಯಾವುದು ಯಾವ ಕಡೆ ಮುಖ ಮಾಡಿತ್ತು ಅನ್ನುವುದು ಮುಖ್ಯ.

ಅಡಕೆತೋಟ_ಸಾಗರ:

ನಾನು ಈ ಮೆಷಿನ್‌ಗಳ ಮೆಕ್ಯಾನಿಕ್ ಅಲ್ಲ, ಆದರೆ ಮೂರು ಪಿಸ್ಟನ್ ಅಂದ ತಕ್ಷಣ ಹೇಳಬೇಕು ಅನ್ನಿಸಿತು. ನಮ್ಮ ಕಡೆ ಪ್ರತಿ ಅಡಕೆ ಬೆಳೆಗಾರರ ಮನೆಯಲ್ಲೂ ಎಚ್‌ಟಿಪಿ ಪಂಪ್ ಇರುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು. ಅದೂ ಮೂರು ಪಿಸ್ಟನ್ನಿನದೇ. ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಯೋಚನೆ ಮಾಡಿ, ನಿಮ್ಮ ನೀರಿನಲ್ಲಿ ಸುಣ್ಣ ಕಣ್ಣಿಗೆ ಕಾಣದಷ್ಟಿದೆ, ನಾವು ಸುಣ್ಣವನ್ನೇ ಬಕೆಟ್‌ಗಟ್ಟಲೆ ಕಲಸಿ ಪಂಪಿನಲ್ಲಿ ಹಾಯಿಸುತ್ತೇವೆ. ಆದರೂ ನಮ್ಮ ಮನೆಯ ಪಂಪ್ 16 ವರ್ಷದಿಂದ ಓಡುತ್ತಿದೆ, ಅಪ್ಪ ತಂದದ್ದು.

ಕಾರಣ ಒಂದೇ. ಅಪ್ಪ ಎಷ್ಟೇ ಸುಸ್ತಾಗಿದ್ದರೂ, ಮಳೆ ಹೊಯ್ಯುತ್ತಿದ್ದರೂ, ಕೊನೆಯ ಡ್ರಮ್ಮು ಮುಗಿದ ಮೇಲೆ ಹೊಳೆ ನೀರು ಎರಡು ಕೊಡ ಹಾಯಿಸದೆ ಪಂಪ್ ಮನೆಗೆ ತರುತ್ತಿರಲಿಲ್ಲ. ಗನ್ನಿನ ತುದಿಯಿಂದ ಬರುವ ನೀರು ಕೈಯಲ್ಲಿ ಹಿಡಿದು ನೋಡುತ್ತಿದ್ದರು, ನೀಲಿ ಬಣ್ಣ ಹೋಗಿ ತಿಳಿಯಾಗಬೇಕು. ಹತ್ತಿರದ ತೋಟದಲ್ಲಿ ಒಬ್ಬರು ಒಂದು ರಾತ್ರಿ ಬೋರ್ಡೋ ಹಾಗೇ ಬಿಟ್ಟರು, ಬೆಳಗ್ಗೆ ವಾಲ್ವ್ ಸಿಮೆಂಟ್ ಹಾಕಿದ ಹಾಗೆ ಕೂತಿತ್ತು.

ನಿಮ್ಮದರಲ್ಲೂ ಸೋಪಿನ ಬಾಟಲಿ ಬಳಸುತ್ತೀರಾ? ಬಳಸುವುದಾದರೆ ಬಾಟಲಿ ಕಳಚಿ, ತೊಳೆದು, ಅದರಲ್ಲಿ ಬರೀ ನೀರು ತುಂಬಿ ಒಂದು ನಿಮಿಷ ಹೊಡೆಯಿರಿ. ಸೋಪು ಒಣಗಿದರೆ ಅಂಟಾಗಿ ಸಣ್ಣ ತೂತುಗಳಲ್ಲಿ ಕೂರುತ್ತದೆ.

ಇನ್ನೊಂದು, ಮಳೆಗಾಲದಲ್ಲಿ ಮಾಡಿನ ನೀರು ಹಿಡಿಯುತ್ತೀರಾ? ಮಳೆ ನೀರಲ್ಲಿ ಸುಣ್ಣ ಇರುವುದಿಲ್ಲ. ನಾವು ಅಂಗಳದ ಪಾಚಿ ತೊಳೆಯುವ ಮೆಷಿನ್‌ಗೆ ಮಾಡಿನ ನೀರನ್ನೇ ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬಿ ಕೊಡುತ್ತೇವೆ. ನಿಮ್ಮ ಕಡೆ ಮಳೆ ಕಮ್ಮಿ, ಆದರೂ ಸಿಕ್ಕಷ್ಟು ದಿನ ಮೆಷಿನ್‌ಗೆ ಸುಖ.

ವೈಂಡಿಂಗ್_ದಾವಣಗೆರೆ:

ಪಂಪ್ ಬಗ್ಗೆ ಎಲ್ಲರೂ ಹೇಳಿದರು. ಮೋಟಾರನ್ನು ಯಾರೂ ಕೇಳುತ್ತಿಲ್ಲ. ನಾನು ಮೋಟಾರು ವೈಂಡಿಂಗ್ ಮಾಡುವವನು, ನನ್ನ ಹತ್ತಿರ ಬರುವ ಪ್ರೆಶರ್ ವಾಷರ್‌ಗಳಲ್ಲಿ ಪಂಪ್ ಚೆನ್ನಾಗಿದ್ದು ಮೋಟಾರು ಸುಟ್ಟದ್ದೇ ಜಾಸ್ತಿ.

ನಿಮ್ಮದು ಜೋರಾಗಿ ಮಿಕ್ಸಿ ಥರ ಸದ್ದು ಮಾಡುತ್ತದಾ? ಹಾಗಾದರೆ ಕಾರ್ಬನ್ (ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟು ಕೊಡುವ ಸಣ್ಣ ತುಂಡು) ಇರುವ ಮೋಟಾರು. ಸದ್ದು ಕಮ್ಮಿ, ತೂಕ ಜಾಸ್ತಿ ಇದ್ದರೆ ಇಂಡಕ್ಷನ್ ಮೋಟಾರು, ಅದಕ್ಕೆ ಕಾರ್ಬನ್ ಇರುವುದಿಲ್ಲ, ಬಾಳಿಕೆಯೂ ಜಾಸ್ತಿ. ಕಾರ್ಬನ್ ಮೋಟಾರನ್ನು ಒಂದೇ ಉಸಿರಿಗೆ ಒಂದು ಗಂಟೆ ಓಡಿಸುವ ಹಾಗಿಲ್ಲ. 20 ನಿಮಿಷ ಓಡಿಸಿ, ಹತ್ತು ನಿಮಿಷ ಬಿಡಿ. ಕೊಟ್ಟಿಗೆಯಲ್ಲಿ ಹೀಗೆ ಮಾಡಬಹುದು: ಮೊದಲು ಸಗಣಿ ಬಾಚಿ, ನೆಲ ನೆನೆಸಿ ಬಿಡಿ, ಆಮೇಲೆ ಮೆಷಿನ್ ಹಿಡಿಯಿರಿ. ಒಣಗಿದ ಸಗಣಿಯನ್ನು ಒತ್ತಡದಲ್ಲೇ ಕೀಳಲು ಹೋಗುವುದರಿಂದ ಮೆಷಿನ್ ಎರಡು ಪಟ್ಟು ಹೊತ್ತು ಓಡುತ್ತದೆ. ಕಾರ್ಬನ್ ಸವೆದು ಕಾಲಿಂಚಿಗೆ ಬಂದರೆ ಬದಲಿಸಿ. ಒಳಗೆ ಕಿಡಿ ಜಾಸ್ತಿ ಕಂಡರೆ, ಸುಟ್ಟ ವಾಸನೆ ಬಂದರೆ, ತಡ ಮಾಡಬೇಡಿ. ಕಾರ್ಬನ್ ಜೋಡಿಗೆ ದುಡ್ಡು ಕಮ್ಮಿ, ಅದು ಪೂರ್ತಿ ಸವೆದು ಒಳಗಿನ ಸ್ಪ್ರಿಂಗು ತಿರುಗುವ ಆರ್ಮೇಚರ್ ಗೀರಿದರೆ ಮೋಟಾರೇ ಹೋಯಿತು.

ಕರೆಂಟು. 1800 ವ್ಯಾಟ್ ಅಂದರೆ 230 ವೋಲ್ಟಿಗೆ ಸುಮಾರು 8 ಆಂಪಿಯರ್. ಇದನ್ನು ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗಿಗೆ ಹಾಕುವ ಹಾಗಿಲ್ಲ, 16 ಆಂಪಿಯರ್ ಪಾಯಿಂಟ್ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬಳಸುವುದಾದರೆ 2.5 ಎಂಎಂ ತಾಮ್ರದ ವೈರು. 30 ಮೀಟರ್ ಸಣ್ಣ 0.75 ಎಂಎಂ ವೈರಿನಲ್ಲಿ ಈ ಲೋಡ್ ಎಳೆದರೆ ಸುಮಾರು 12 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ವೈರೂ ಬಿಸಿಯಾಗುತ್ತದೆ. ಸುತ್ತಿಟ್ಟ ಸುರುಳಿ ಹಾಗೇ ಇಟ್ಟು ಬಳಸಬೇಡಿ, ಪೂರ್ತಿ ಬಿಚ್ಚಿ ಹಾಸಿ. ಹಳ್ಳಿಯಲ್ಲಿ ತೋಟದ ಮೋಟಾರುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ 180ಕ್ಕೂ ಇಳಿಯುತ್ತದಲ್ವಾ, ಆಗ ಮೋಟಾರು ನಿಧಾನವಾಗುತ್ತದೆ, ಅದರ ಫ್ಯಾನೂ ನಿಧಾನವಾಗುತ್ತದೆ, ತಂಪಾಗುವುದಿಲ್ಲ. ಆ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ತೊಳೆಯಿರಿ. ಗಾಳಿ ಹೋಗುವ ಕಿಂಡಿಗಳಲ್ಲಿ ಮೇವಿನ ಧೂಳು, ಹೊಟ್ಟು ಕೂತಿರುತ್ತದೆ, ವಾರಕ್ಕೊಮ್ಮೆ ಬ್ರಷ್‌ನಿಂದ ತೆಗೆಯಿರಿ. ಕೊಟ್ಟಿಗೆ ಗೋಡೆಗೆ ನೇತು ಹಾಕುವುದು ನನಗೆ ಸರಿ ಕಾಣಲಿಲ್ಲ, ಅಲ್ಲಿ ಗಂಜಲದ ಆವಿ, ತೇವ ಇರುತ್ತದೆ, ಒಳಗಿನ ತಾಮ್ರ ಹಸಿರು ಹಿಡಿಯುತ್ತದೆ. ಮನೆಯ ಒಣ ಜಾಗದಲ್ಲಿಡಿ.

ಕೊನೆಯದಾಗಿ, ಬರಿಗಾಲಲ್ಲಿ ನೀರಿನಲ್ಲಿ ನಿಂತು ಹಿಡಿಯುವ ಮೆಷಿನ್ ಇದು. ಅರ್ಥಿಂಗ್ ಸರಿ ಇದೆಯಾ ನೋಡಿಸಿ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಅಪ್ಪ ಬಳಸುವುದು ಅಂದಿರಿ, ಅವರಿಗೆ ಗಂಬೂಟು ಕೊಡಿಸಿ. ನೀರಿನ ಧಾರೆ ಕಾಲಿಗೆ ಹತ್ತಿರದಿಂದ ಬಿದ್ದರೆ ಚರ್ಮದೊಳಗೆ ಹೊಕ್ಕುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕನ್ನಡಿಗ_ಟೊರಾಂಟೊ:

ಇಲ್ಲಿ ಕೆನಡಾದಲ್ಲಿ ನಮ್ಮ ಸಮಸ್ಯೆ ಸುಣ್ಣಕ್ಕಿಂತ ಚಳಿ. ಮೊದಲ ವರ್ಷ ನವೆಂಬರ್‌ನಲ್ಲಿ ಮೆಷಿನ್ ಹಾಗೇ ಗ್ಯಾರೇಜಿನಲ್ಲಿಟ್ಟೆ, ಒಳಗೆ ಸ್ವಲ್ಪ ನೀರು ಉಳಿದಿತ್ತು. ಏಪ್ರಿಲ್‌ನಲ್ಲಿ ಹಾಕಿದರೆ ಪಂಪಿನ ತಲೆ ಸೀಳಿ ನೀರು ಎಲ್ಲ ಕಡೆಯಿಂದ ಬಂತು, ಮಂಜುಗಡ್ಡೆಯಾದಾಗ ನೀರು ಹಿಗ್ಗುತ್ತದಲ್ಲ. ಈಗ ಚಳಿಗಾಲಕ್ಕೆ ಮುಂಚೆ ಪಂಪಿಗೆ ಹೆಪ್ಪುಗಟ್ಟದ ದ್ರವ ತುಂಬಿಸಿಡುತ್ತೇನೆ. ತಿಪಟೂರಿಗೆ ಇದು ಬೇಕಾಗಿಲ್ಲ, ಆದರೆ ಹಾಸನದವರು ಹೇಳಿದ ಹಾಗೆ ನೀರು ಖಾಲಿ ಮಾಡಿ ಇಡುವುದು ಎಲ್ಲಿದ್ದರೂ ಒಂದೇ.

ನಿಮ್ಮಲ್ಲಿ ಬೇಸಿಗೆ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಕೈ ಸುಡುವಷ್ಟು ಬಿಸಿ ಇರುತ್ತದಲ್ವಾ, ನಮ್ಮ ಮನೆಯಲ್ಲಿ ಮೈಸೂರಿನಲ್ಲಿ ಹಾಗಿತ್ತು. ಮನೆ ಮೆಷಿನ್‌ಗಳಿಗೆ ಸಾಮಾನ್ಯವಾಗಿ 40 ಡಿಗ್ರಿವರೆಗಿನ ನೀರು ಅಂತ ಪುಸ್ತಕದಲ್ಲೇ ಬರೆದಿರುತ್ತಾರೆ. ನಿಮ್ಮ ಪುಸ್ತಕ ತೆಗೆದು ನೋಡಿ. ಬೆಳಗ್ಗೆಯೇ ತೊಳೆಯುವುದು ಒಳ್ಳೆಯದು.

ತೆಂಗಿನತೋಟ_ತಿಪಟೂರು:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ, ಕಾಯಿ ಕೀಳಿಸುವ ಕೆಲಸ ಇತ್ತು.

ಭಾನುವಾರ ಕೂತು ಬಿಚ್ಚಿದೆ. ಎರಡು ಗಂಟೆ ಹಿಡಿಯಿತು, ತಮ್ಮ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಾ ಹೋದ. ಆರು ವಾಲ್ವ್‌ಗಳಲ್ಲಿ ಎರಡು ಅಂಟಿಕೊಂಡಿದ್ದವು, ಬೆರಳಲ್ಲಿ ಒತ್ತಿದರೆ ಸ್ಪ್ರಿಂಗು ಅಲ್ಲಾಡುತ್ತಲೇ ಇರಲಿಲ್ಲ, ಸುತ್ತ ಬಿಳೀ ಸುಣ್ಣ. ಇನ್ನೊಂದರಲ್ಲಿ ಸಾಸಿವೆಗಿಂತ ಸಣ್ಣ ಮರಳಿನ ಕಾಳು ಸಿಕ್ಕಿಕೊಂಡಿತ್ತು. ಅಷ್ಟು ಸಣ್ಣದರಿಂದ ಇಷ್ಟೆಲ್ಲ ಆಗುತ್ತದಾ ಅಂತ ಅಪ್ಪ ಕೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು. ನಿಂಬೆ ಉಪ್ಪಿನಲ್ಲಿ ನೆನೆಸಿದೆ, ಅರ್ಧ ಗಂಟೆಗೆ ಹಿತ್ತಾಳೆ ಬಣ್ಣ ಬಂತು. ಗನ್ನಿನ ಬುಡದ ಓ-ರಿಂಗ್ ಒಂದು ಕಡೆ ಸೀಳಿತ್ತು, ಪೇಟೆಯಲ್ಲಿ ಬೇರಿಂಗ್ ಅಂಗಡಿಗೆ ಹಳೆಯದನ್ನು ತಗೊಂಡು ಹೋಗಿ ಅದೇ ಅಳತೆಯದು ತಂದೆ. ಎಲ್ಲ ಸೇರಿ ಖರ್ಚು ನೂರು ರೂಪಾಯಿ ದಾಟಲಿಲ್ಲ.

ನೀರಿಗೆ ಹೀಗೆ ಮಾಡಿದೆ. ಕೊಟ್ಟಿಗೆ ಪಕ್ಕದ ಕಲ್ಲಿನ ಕಟ್ಟೆ ಮೇಲೆ 200 ಲೀಟರಿನ ಡ್ರಮ್ ಇಟ್ಟು, ಬುಡದಿಂದ ನಾಲ್ಕು ಇಂಚು ಮೇಲೆ ಮುಕ್ಕಾಲು ಇಂಚಿನ ನಲ್ಲಿ ಹಾಕಿಸಿದೆ, ಮರಳು ಕೆಳಗೇ ನಿಲ್ಲಲಿ ಅಂತ. ಅಲ್ಲಿಂದ ಮೆಷಿನ್‌ಗೆ ಮೂರು ಮೀಟರ್ ದಪ್ಪ ಪೈಪು ಅಷ್ಟೇ. ಬಕೆಟ್ ಇಟ್ಟು ಅಳೆದೆ, ಒಂದು ನಿಮಿಷ ಹತ್ತು ಸೆಕೆಂಡಿಗೆ ತುಂಬಿತು. ರಾತ್ರಿ ಸಣ್ಣ ನಲ್ಲಿಯಿಂದ ಡ್ರಮ್ ತುಂಬಲು ಬಿಡುತ್ತೇವೆ, ಬೆಳಗ್ಗೆ ತಣ್ಣೀರು ಸಿಗುತ್ತದೆ. ಅರ್ಧ ಗಂಟೆ ಕೆಲಸಕ್ಕೆ 200 ಲೀಟರ್ ಸರಿಯಾಗಿ ಆಗುತ್ತದೆ. ಡ್ರಮ್ ಖಾಲಿಯಾಗುವ ಮೊದಲು ನಿಲ್ಲಿಸಬೇಕು ಅಂತ ಅಪ್ಪನಿಗೆ ಗೊತ್ತಾಗಲಿ ಅಂತ ಹೊರಗೆ ಕೆಂಪು ಬಣ್ಣದ ಗೆರೆ ಎಳೆದಿದ್ದೇನೆ, ಡ್ರಮ್ ಬಿಳಿಯದು, ನೀರಿನ ಮಟ್ಟ ಹೊರಗಿನಿಂದಲೇ ಕಾಣುತ್ತದೆ.

ಈಗ ಗನ್ ಕುಟ್ಟುವುದಿಲ್ಲ. ಟ್ರಿಗರ್ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ, ಐದು ನಿಮಿಷ ಕಾದು ನೋಡಿದೆ, ಒಂದು ಸಲವೂ ಎದ್ದಿಲ್ಲ. ಆರ್‌ಸಿಸಿಬಿ ಹಾಕಿಸಿದೆ. ಗಂಬೂಟು ಅಪ್ಪನಿಗೆ ಮೊದಲು ಇಷ್ಟವಿರಲಿಲ್ಲ, ಈಗ ಹಾಕಿಕೊಳ್ಳುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಟ್ರಿಗರ್ ಒತ್ತಿ ನೀರು ಬಿಡುವುದನ್ನು ನನಗಿಂತ ಅವರೇ ಚೆನ್ನಾಗಿ ಮಾಡುತ್ತಾರೆ.

ಒಂದೇ ಸಂದೇಹ ಉಳಿದಿದೆ. ಹೊಸ ಓ-ರಿಂಗ್ ಬಿಗಿಯಾಗಿದೆ, ಪೈಪು ಸಿಕ್ಕಿಸಲು ಕಷ್ಟ. ಟ್ರ್ಯಾಕ್ಟರಿಗೆ ಹಾಕುವ ಗ್ರೀಸ್ ಸ್ವಲ್ಪ ಸವರಬಹುದಾ?

ವಾಟರ್‌ಸರ್ವಿಸ್_ಹಾಸನ:

ಓದಿ ಬಹಳ ಖುಷಿಯಾಯಿತು. ಟ್ರ್ಯಾಕ್ಟರ್ ಗ್ರೀಸ್ ಬೇಡ, ಕೆಲವು ರಬ್ಬರಿಗೆ ಅದು ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ, ಯಾವ ರಬ್ಬರ್ ಅಂತ ನೋಡಿ ಹೇಳಲು ಆಗುವುದಿಲ್ಲ. ಸಿಲಿಕೋನ್ ಗ್ರೀಸ್ ಸಣ್ಣ ಟ್ಯೂಬ್ ಸಿಗುತ್ತದೆ, ಅದೇ ಬೇರಿಂಗ್ ಅಂಗಡಿಯಲ್ಲಿ ಕೇಳಿ, ಬೆರಳ ತುದಿಯಲ್ಲಿ ಎಣ್ಣೆ ಸವರಿದಷ್ಟು ಸಾಕು. ಅದು ತರುವವರೆಗೆ ಒಂದು ಹನಿ ಸೋಪಿನ ನೀರು ಹಚ್ಚಿ ಸಿಕ್ಕಿಸಿ. ಮತ್ತೆ ಹೋದಾಗ ಅದೇ ಅಳತೆಯ ಓ-ರಿಂಗ್ ಇನ್ನೂ ನಾಲ್ಕು ತಂದು ಮೆಷಿನ್ ಜೊತೆ ಒಂದು ಡಬ್ಬಿಯಲ್ಲಿಡಿ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ನಿಂಬೆ ಉಪ್ಪಿನಲ್ಲಿ ಹಾಕಿ, ನಿಮ್ಮ ನೀರಿಗೆ ತಿಂಗಳು ಬಿಟ್ಟರೆ ತಡವಾಗುತ್ತದೆ.